‘ಈ ದಿನ’ ಬೋರ್ಡ್ ಬರೆಯುವುದು ಹೇಗೆ: ಏಪ್ರಿಲ್ 14ರ ಒಂದು ಪುಟ

ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ಸಣ್ಣ ಪಂಚಾಯಿತಿಯ ಗ್ರಂಥಾಲಯ ನೋಡಿಕೊಳ್ಳುವ ಕೆಲಸ ನನ್ನದು. ಬಾಗಿಲ ಪಕ್ಕ ಮೂರಡಿ ಅಗಲದ ಒಂದು ಕರಿಹಲಗೆ ಇದೆ. ಒಂಬತ್ತು ವರ್ಷದಿಂದ ಬೆಳಿಗ್ಗೆ ಬೀಗ ತೆಗೆದ ಕೂಡಲೇ ಅದನ್ನು ಒರೆಸಿ ‘ಇತಿಹಾಸದಲ್ಲಿ ಈ ದಿನ’ ಬರೆಯುತ್ತೇನೆ. ಡೇರಿಗೆ ಹಾಲು ಹಾಕಿ ಬರುವವರು ಕ್ಯಾನ್ ಕೆಳಗಿಟ್ಟು ಓದುತ್ತಾರೆ. ಬೇರೆ ಊರಿನ ಗ್ರಂಥಾಲಯದವರು, ಶಾಲೆ ಮೇಷ್ಟ್ರುಗಳು ‘ನಾವೂ ಶುರು ಮಾಡಬೇಕು, ಹೇಗೆ ಬರೀತೀರಿ?’ ಎಂದು ಕೇಳುತ್ತಾರೆ. ಒಂದು ತಾರೀಕು ಹಿಡಿದುಕೊಂಡು ಹೇಳಿದರೆ ಸುಲಭ. ಏಪ್ರಿಲ್ 14 ತೆಗೆದುಕೊಳ್ಳುತ್ತೇನೆ. ನಾನು ಜಾಸ್ತಿ ಕಲಿತದ್ದು ಆ ದಿನದಿಂದಲೇ.

ಮೊದಲು ಒಂದು 400 ಪುಟದ ಉದ್ದ ನೋಟ್‌ಬುಕ್ ತನ್ನಿ. ಒಂದು ತಾರೀಕಿಗೆ ಒಂದು ಪುಟ, ಒಟ್ಟು 366. ಫೆಬ್ರವರಿ 29ನ್ನು ಬಿಡಬೇಡಿ. ಮೊರಾರ್ಜಿ ದೇಸಾಯಿ ಹುಟ್ಟಿದ್ದು ಆ ದಿನವೇ, 1896ರಲ್ಲಿ. ಯಾವ ಪುಸ್ತಕ ಓದುವಾಗಲೂ, ಪೇಪರ್ ನೋಡುವಾಗಲೂ ತಾರೀಕು ಕಂಡರೆ ಆ ಪುಟಕ್ಕೆ ಹೋಗಿ ಬರೆದಿಡಿ. ಎಲ್ಲಿ ಸಿಕ್ಕಿತು ಅನ್ನುವುದನ್ನೂ ಪಕ್ಕದಲ್ಲಿ ಬರೆಯಿರಿ. ಮೊದಲ ವರ್ಷ ಪುಟಗಳು ಖಾಲಿ ಖಾಲಿ ಕಾಣುತ್ತವೆ. ಮೂರನೇ ವರ್ಷಕ್ಕೆ ಜಾಗ ಸಾಲುವುದಿಲ್ಲ.

ಸುಮ್ನೆ ಫೋನಿಗೆ ಬಂದದ್ದನ್ನು ನೋಡಿ ಬರೆಯುವುದನ್ನು ಮಾತ್ರ ಮಾಡಬೇಡಿ. ನಾನು ಮೊದಲ ವರ್ಷ ಅದನ್ನೇ ಮಾಡಿದೆ. ‘1912: ಟೈಟಾನಿಕ್ ಹಡಗು ಮುಳುಗಿತು’ ಎಂದು ಏಪ್ರಿಲ್ 14ರಂದು ಬರೆದೆ. ಎಂಟನೇ ಕ್ಲಾಸಿನ ಒಬ್ಬಳು ಹುಡುಗಿ ಪುಸ್ತಕ ತಂದು ತೋರಿಸಿದಳು. ಅದರಲ್ಲಿ 15 ಅಂತಿತ್ತು. ಅವಳೇ ಸರಿ. ಹಡಗು ಹಿಮಗಡ್ಡೆಗೆ ತಾಗಿದ್ದು 14ರ ರಾತ್ರಿ 11 ಗಂಟೆ 40 ನಿಮಿಷಕ್ಕೆ. ಪೂರ್ತಿ ಮುಳುಗಿದ್ದು 15ರ ಬೆಳಗಿನ ಜಾವ 2 ಗಂಟೆ 20 ನಿಮಿಷಕ್ಕೆ.

ಈ ಮಧ್ಯರಾತ್ರಿಯ ತೊಂದರೆ ಇದೇ ತಾರೀಕಿಗೆ ಇನ್ನೊಂದು ಸಲ ಬರುತ್ತದೆ. ಅಬ್ರಹಾಂ ಲಿಂಕನ್‌ಗೆ ವಾಷಿಂಗ್ಟನ್‌ನ ಫೋರ್ಡ್ ಥಿಯೇಟರಿನಲ್ಲಿ ಗುಂಡು ಹಾರಿಸಿದ್ದು 1865ರ ಏಪ್ರಿಲ್ 14ರ ರಾತ್ರಿ. ಅವರ ಪ್ರಾಣ ಹೋದದ್ದು ಮರುದಿನ ಬೆಳಿಗ್ಗೆ. ಹಾಗಾಗಿ ಎಲ್ಲಕ್ಕಿಂತ ಮೊದಲು ಕ್ರಿಯಾಪದ ನೋಡಿ. ‘ತಾಗಿತು’ ಬೇರೆ, ‘ಮುಳುಗಿತು’ ಬೇರೆ. ‘ಗುಂಡು ಬಿತ್ತು’ ಬೇರೆ, ‘ತೀರಿಕೊಂಡರು’ ಬೇರೆ. ನಾನು ಈಗ ಎರಡನ್ನೂ ಎರಡು ಪುಟದಲ್ಲಿ ಇಟ್ಟಿದ್ದೇನೆ.

ದೇಶದಿಂದ ದೇಶಕ್ಕೆ ಗಡಿಯಾರ ಬೇರೆಯಲ್ವಾ, ಅದನ್ನೂ ಗಮನಿಸಬೇಕು. ಚಂದ್ರನ ಕಡೆ ಹೊರಟಿದ್ದ ಅಪೊಲೊ 13 ನೌಕೆಯ ಆಮ್ಲಜನಕದ ಟ್ಯಾಂಕ್ ಸಿಡಿದಾಗ ಹೂಸ್ಟನ್‌ನಲ್ಲಿ 1970ರ ಏಪ್ರಿಲ್ 13, ರಾತ್ರಿ 9 ಗಂಟೆ 8 ನಿಮಿಷ. ಆಗ ನಮ್ಮಲ್ಲಿ 14ರ ಬೆಳಿಗ್ಗೆ 8 ಗಂಟೆ 38 ನಿಮಿಷ. ಯಾವ ದಿನಕ್ಕೆ ಬರೆಯಬೇಕು? ಘಟನೆ ನಡೆದ ಜಾಗದ ತಾರೀಕು ಅನ್ನುವುದು ನಾನು ಇಟ್ಟುಕೊಂಡ ನಿಯಮ. ಆಕಾಶದಲ್ಲಿ ನಡೆದರೆ, ನೌಕೆಯನ್ನು ನಡೆಸುತ್ತಿದ್ದ ಊರಿನ ತಾರೀಕು. ಹಾಗಾಗಿ 13ಕ್ಕೆ ಬರೆಯುತ್ತೇನೆ. ‘ನಮ್ಮೂರಲ್ಲಿ ಆಗ ಮರುದಿನ ಬೆಳಗಾಗಿತ್ತು’ ಎಂದು ಕೆಳಗೆ ಒಂದು ಸಾಲು ಸೇರಿಸುತ್ತೇನೆ. ಮಕ್ಕಳಿಗೆ ಆ ಸಾಲು ತುಂಬ ಇಷ್ಟ. ಗ್ಲೋಬ್ ತಿರುಗಿಸಿ ನೋಡುತ್ತಾರೆ.

ಇನ್ನು ಪರೀಕ್ಷೆ ಮಾಡುವ ವಿಧಾನ. ಒಂದು ವಿಷಯ ಎರಡು ಕಡೆ ಸಿಗಬೇಕು. ಆ ಎರಡೂ ಒಂದನ್ನೊಂದು ನೋಡಿ ಬರೆದವು ಆಗಿರಬಾರದು. ಆಮೇಲೆ ವಾರ ನೋಡಿ. ಲಿಂಕನ್‌ಗೆ ಗುಂಡು ಬಿದ್ದದ್ದು ಗುಡ್ ಫ್ರೈಡೇ ದಿನ ಎಂದು ಪುಸ್ತಕದಲ್ಲಿದೆ. ಫೋನಿನ ಕ್ಯಾಲೆಂಡರನ್ನು ಹಿಂದೆ ಹಿಂದೆ ಸರಿಸಿ ನೋಡಿದರೆ 1865ರ ಏಪ್ರಿಲ್ 14 ಶುಕ್ರವಾರವೇ. ವಾರ ಹೊಂದಿತು ಅಂದರೆ ಧೈರ್ಯ ಬರುತ್ತದೆ. ಹೊಂದದಿದ್ದರೆ ತಾರೀಕೋ ಇಸವಿಯೋ ಯಾವುದೋ ಒಂದು ತಪ್ಪಿದೆ.

ವಯಸ್ಸಿನ ಲೆಕ್ಕವನ್ನೂ ಮಾಡಿ. ಮುದ್ದೇನಹಳ್ಳಿ ನಮ್ಮ ಜಿಲ್ಲೆಯೇ. ವಿಶ್ವೇಶ್ವರಯ್ಯನವರ ವಿಷಯದಲ್ಲಿ ತಪ್ಪಿದರೆ ಇಲ್ಲಿ ಯಾರೂ ಸುಮ್ಮನಿರುವುದಿಲ್ಲ, ಇರಲೂ ಬಾರದು. ಅವರು ಹುಟ್ಟಿದ ಇಸವಿ ಕೆಲವು ಪುಸ್ತಕದಲ್ಲಿ 1860, ಕೆಲವದರಲ್ಲಿ 1861. ತೀರಿಕೊಂಡದ್ದು 1962ರ ಏಪ್ರಿಲ್ 12 ಎಂದು ಕೆಲವರು, 14 ಎಂದು ಕೆಲವರು ಅಚ್ಚು ಹಾಕಿದ್ದಾರೆ. 1860 ಅಂದರೆ ಆಗ 101 ವರ್ಷ ತುಂಬಿತ್ತು, 1861 ಅಂದರೆ 100. ಒಂದೇ ಪುಟದಲ್ಲಿ 1861 ಅಂತಲೂ 101 ವರ್ಷ ಅಂತಲೂ ಇದ್ದರೆ ಆ ಪುಟವನ್ನು ನಂಬಬೇಡಿ. ನಾನು ಅವರನ್ನು ಏಪ್ರಿಲ್ ಪುಟದಿಂದ ತೆಗೆದು ಸೆಪ್ಟೆಂಬರ್ 15ಕ್ಕೆ ಹಾಕಿದೆ. ಹುಟ್ಟಿದ ದಿನದ ಬಗ್ಗೆ ಯಾರದೂ ತಕರಾರಿಲ್ಲ, ಎಂಜಿನಿಯರುಗಳ ದಿನವೂ ಅದೇ. ಅವತ್ತು ಪೂರ್ತಿ ಹಲಗೆ ಅವರದೇ.

ಹಳೆ ಕಾಲದ ಜನ್ಮದಿನಗಳ ಬಗ್ಗೆ ಇನ್ನೂ ಎಚ್ಚರ ಬೇಕು. ನಮ್ಮೂರಲ್ಲಿ ಅಜ್ಜ ಅಜ್ಜಿಯರನ್ನು ಕೇಳಿ ನೋಡಿ, ಎಷ್ಟೋ ಜನರ ಕಾರ್ಡಿನಲ್ಲಿ ಜೂನ್ 1 ಇರುತ್ತದೆ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಹಾಕಿದ ತಾರೀಕು ಅದು. ದೊಡ್ಡವರ ಜೀವನದಲ್ಲೂ ಹೀಗೆ ಆಗಿರುತ್ತದೆ. ತಿಥಿ ಮೇಲೆ ನಡೆಯುವ ಜಯಂತಿಗಳನ್ನು ಇಂಗ್ಲಿಷ್ ತಾರೀಕಿಗೆ ಕಟ್ಟಿಹಾಕಬೇಡಿ. ಬಸವ ಜಯಂತಿ ವೈಶಾಖ ಶುದ್ಧ ತದಿಗೆ, ಪ್ರತಿ ವರ್ಷ ಬೇರೆ ತಾರೀಕಿಗೆ ಬರುತ್ತದೆ. ಅಂಥವಕ್ಕೆ ನೋಟ್‌ಬುಕ್ಕಿನ ಕೊನೆಯಲ್ಲಿ ಬೇರೆ ಪುಟಗಳಿರಲಿ. ಇಂಗ್ಲೆಂಡಿನ 1752ಕ್ಕಿಂತ ಹಿಂದಿನ ತಾರೀಕುಗಳೂ ಹಾಗೆಯೇ. ಆ ವರ್ಷ ಅವರು ಕ್ಯಾಲೆಂಡರ್ ಬದಲಿಸಿದಾಗ ಸೆಪ್ಟೆಂಬರ್ 2ರ ಮರುದಿನ 14 ಆಯಿತು. ನ್ಯೂಟನ್ ಹುಟ್ಟಿದ ದಿನ ಹಳೆ ಲೆಕ್ಕದಲ್ಲಿ 1642ರ ಡಿಸೆಂಬರ್ 25, ಹೊಸ ಲೆಕ್ಕದಲ್ಲಿ 1643ರ ಜನವರಿ 4. ಯಾವ ಲೆಕ್ಕ ಎಂದು ಪಕ್ಕದಲ್ಲಿ ಬರೆದರೆ ಆಯಿತು.

ಎಲ್ಲ ಸರಿ ನೋಡಿದ ಮೇಲೂ ಯಾವುದನ್ನು ಬರೆಯಬೇಕು ಅನ್ನುವುದು ಉಳಿಯುತ್ತದೆ. ನನಗೆ ಅದು ಗೊತ್ತಾದದ್ದು ನಿವೃತ್ತ ಅಗ್ನಿಶಾಮಕ ಸಿಬ್ಬಂದಿಯೊಬ್ಬರಿಂದ. ದಿನವೂ ಪೇಪರ್ ಓದಲು ಬರುತ್ತಾರೆ. ಒಂದು ಏಪ್ರಿಲ್ 14ರಂದು ಹಲಗೆ ಮುಂದೆ ಬಹಳ ಹೊತ್ತು ನಿಂತರು. ‘ದೂರದ ಹಡಗು ಬರೆದಿದ್ದೀರಿ, ನಮ್ಮ ಹಡಗು ಬಿಟ್ಟಿದ್ದೀರಲ್ಲಮ್ಮ’ ಎಂದರು. ನನಗೆ ಅರ್ಥವಾಗಲಿಲ್ಲ. ಕೂತು ಹೇಳಿದರು.

1944ರ ಏಪ್ರಿಲ್ 14, ಅದೂ ಶುಕ್ರವಾರ. ಎರಡನೇ ಮಹಾಯುದ್ಧದ ಕಾಲ. ಮುಂಬೈನ ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟಿಕೀನ್ ಎಂಬ ಹಡಗು ನಿಂತಿತ್ತು. ಅದರಲ್ಲಿ ಸುಮಾರು 1,400 ಟನ್ ಸಿಡಿಮದ್ದು, ಜೊತೆಗೆ ಸಾವಿರಾರು ಹತ್ತಿ ಮೂಟೆ, ಚಿನ್ನದ ಗಟ್ಟಿಗಳು. ಮಧ್ಯಾಹ್ನ ಹತ್ತಿಗೆ ಬೆಂಕಿ ಹತ್ತಿತು. ಅಗ್ನಿಶಾಮಕದವರು ಹಡಗಿನ ಹತ್ತಿರವೇ ನಿಂತು ನೀರು ಹಾಯಿಸಿದರು. 4 ಗಂಟೆ 6 ನಿಮಿಷಕ್ಕೆ ಹಡಗು ಸಿಡಿಯಿತು. ಅರ್ಧ ಗಂಟೆಯೊಳಗೆ ಇನ್ನೊಂದು ಸ್ಫೋಟ. ನೂರಾರು ಜನ ಸತ್ತರು. ಅವರಲ್ಲಿ 66 ಮಂದಿ ಅಗ್ನಿಶಾಮಕದವರು. ಅವರ ನೆನಪಿಗೆ ದೇಶದಲ್ಲಿ ಏಪ್ರಿಲ್ 14 ಅಗ್ನಿಶಾಮಕ ಸೇವಾ ದಿನ. ಇವರು ಕೆಲಸದಲ್ಲಿದ್ದಷ್ಟು ವರ್ಷವೂ ಆ ಬೆಳಿಗ್ಗೆ ಠಾಣೆ ಅಂಗಳದಲ್ಲಿ ಮೌನವಾಗಿ ನಿಂತವರು.

ಅವತ್ತಿನಿಂದ ಆಯ್ಕೆ ಮಾಡುವ ರೀತಿ ಬದಲಾಯಿತು. ಹಲಗೆ ಮುಂದೆ ಯಾರು ನಿಲ್ಲುತ್ತಾರೆ ಎಂದು ಮೊದಲು ಯೋಚಿಸುತ್ತೇನೆ. ತಿರುವಣ್ಣಾಮಲೈಗೆ ಹುಣ್ಣಿಮೆ ಗಿರಿಪ್ರದಕ್ಷಿಣೆಗೆ ಹೋಗುವವರು ನಮ್ಮೂರಲ್ಲಿದ್ದಾರೆ. ರಮಣ ಮಹರ್ಷಿಗಳು ದೇಹ ಬಿಟ್ಟದ್ದು ಅಲ್ಲೇ, 1950ರ ಏಪ್ರಿಲ್ 14ರ ರಾತ್ರಿ. ಆ ಸಾಲು ಅವರಿಗೆ. ಒಟ್ಟು ನಾಲ್ಕು ಸಾಲು ಸಾಕು, ಐದಕ್ಕಿಂತ ಜಾಸ್ತಿ ಬೇಡ. ಬರೀ ಹುಟ್ಟು ಸಾವು ಬೇಡ, ಏನಾದರೂ ಒಂದು ಕೆಲಸ ಮುಗಿದ ಸಂತೋಷವೂ ಇರಲಿ.

ವಾಕ್ಯದಲ್ಲಿ ‘ಮಹಾನ್’, ‘ಅಪ್ರತಿಮ’ ಹಾಕಬೇಡಿ. ಜಾಗ, ಕೆಲಸ, ಒಂದು ವಿವರ ಹಾಕಿ. ‘ಮಹಾನ್ ನಾಯಕ ಅಂಬೇಡ್ಕರ್ ಜನನ’ ಎಂದು ಬರೆದರೆ ಯಾರೂ ನಿಲ್ಲುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಕಳೆದ ಸಲ ನಾನು ಬರೆದದ್ದು ಹೀಗಿತ್ತು:

1891: ಇಂದೋರ್ ಹತ್ತಿರದ ಮ್ಹೌನಲ್ಲಿ ಭೀಮರಾವ್ ಅಂಬೇಡ್ಕರ್ ಹುಟ್ಟಿದರು. ತಂದೆ ಸೈನ್ಯದಲ್ಲಿ ಸುಬೇದಾರ್. ಮುಂದೆ ಮುಂಬೈನ ದಾದರ್‌ನಲ್ಲಿ ತಮ್ಮ ಪುಸ್ತಕಗಳಿಗೆ ಜಾಗ ಇರುವಂತೆ ಮನೆ ಕಟ್ಟಿಸಿದರು. ಅದರ ಹೆಸರು ರಾಜಗೃಹ.
1944: ಮುಂಬೈ ಬಂದರಿನಲ್ಲಿ ಹಡಗು ಸಿಡಿದು 66 ಅಗ್ನಿಶಾಮಕದವರು ಪ್ರಾಣ ಕೊಟ್ಟರು.
1950: ತಿರುವಣ್ಣಾಮಲೈನಲ್ಲಿ ರಮಣ ಮಹರ್ಷಿಗಳು ದೇಹ ಬಿಟ್ಟರು.
2003: ಮನುಷ್ಯನ ವಂಶವಾಹಿಗಳ ನಕ್ಷೆಯ ಕೆಲಸ 13 ವರ್ಷದ ನಂತರ ಮುಗಿಯಿತು ಎಂದು ವಿಜ್ಞಾನಿಗಳು ಘೋಷಿಸಿದರು.

ಅಕ್ಷರ ಎರಡು ಬೆರಳು ಎತ್ತರ ಇರಲಿ. ವಯಸ್ಸಾದವರು ಕನ್ನಡಕ ಇಲ್ಲದೆ ಓದುವಂತಿರಬೇಕು. ಹಲಗೆಯ ಕೆಳಭಾಗ ಖಾಲಿ ಬಿಡಿ, ಓದಿದವರು ತಮಗೆ ಗೊತ್ತಿದ್ದದ್ದನ್ನು ಬರೆಯಲಿ. ಆ ಸಾಲು ನಿಜವೇ ಎಂದು ನೋಡಿ, ನಿಜವಾದರೆ ನೋಟ್‌ಬುಕ್ಕಿಗೆ ಸೇರಿಸಿ. ಸಂಜೆ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಲು ಬಿಟ್ಟರೆ ಬೆಳಿಗ್ಗೆ ಚಾಕ್‌ಪೀಸ್ ಚೆನ್ನಾಗಿ ಕೂರುತ್ತದೆ. ಬೀಗ ಹಾಕುವ ಮೊದಲು ಮರುದಿನದ ಪುಟ ತೆಗೆದಿಡಿ. ಏಪ್ರಿಲ್ 15ರ ಪುಟದಲ್ಲಿ ಮೊದಲ ಸಾಲು ಆ ಎಂಟನೇ ಕ್ಲಾಸಿನ ಹುಡುಗಿಯ ಕೈಬರಹದಲ್ಲೇ ಇದೆ: ‘1912, ಬೆಳಗಿನ ಜಾವ 2.20, ಟೈಟಾನಿಕ್ ಮುಳುಗಿತು.’