ಮನೆಗೆ ಬೆಂಕಿ ಬಿದ್ದರೆ: ಕರಾವಳಿಯ ಮನೆಗಳ ಲೆಕ್ಕದಲ್ಲಿ

ಹಂಚಿನ ಮನೆಯಲ್ಲಿ ಬೆಂಕಿ ಮೇಲಕ್ಕೆ ಓಡುತ್ತದೆ, ಫ್ಲಾಟಿನಲ್ಲಿ ಹೊಗೆ ಒಳಗೇ ಕವಿಯುತ್ತದೆ. ಮಂಗಳೂರಿನ ಪಾಂಡೇಶ್ವರ ಅಥವಾ ಕದ್ರಿ ಠಾಣೆಯಿಂದ ಬಿಜೈಗೆ ಅಗ್ನಿಶಾಮಕ ವಾಹನ ಬೇಗ ಬಂದೀತು. ಕಾರ್ಕಳ, ಬೆಳ್ತಂಗಡಿ ಕಡೆ ಗುಡ್ಡದ ಬದಿಯಲ್ಲಿರುವ ಒಂಟಿ ಮನೆಗೆ ಅದು ಮುಟ್ಟುವಷ್ಟರಲ್ಲಿ ಪಕ್ಕಾಸು (ಹಂಚು ಹೊತ್ತ ಮರದ ಪಟ್ಟಿ) ಉರಿದು ಹಂಚು ಕೆಳಗೆ ಬಿದ್ದಿರುತ್ತದೆ. ಮೊದಲ ಹತ್ತು ನಿಮಿಷ ಮನೆಯವರ ಪಾಲಿಗೇ ಬರುವುದರಿಂದ ಅದಕ್ಕೆ ಬೇಕಾದ್ದನ್ನು ಮೊದಲೇ ಮಾಡಿಟ್ಟುಕೊಳ್ಳಬೇಕು. ಒಂದು ಭಾನುವಾರ ಸಾಕು.

ಮೀನು ತಾರದ ದಿನ ಮೀನಿನ ವಾಸನೆ

ಸ್ವಿಚ್ಚು, ಪ್ಲಗ್ಗಿನ ಪ್ಲಾಸ್ಟಿಕ್ ಒಳಗೊಳಗೇ ಕಾಯತೊಡಗಿದಾಗ ಹಳಸಿದ ಮೀನಿನಂಥ ವಾಸನೆ ಬರುತ್ತದೆ. ನಮ್ಮ ಕಡೆ ಅದಕ್ಕೆ ಯಾರೂ ಮೂಗು ತಿರುಗಿಸುವುದಿಲ್ಲ, ಅದೇ ತೊಂದರೆ. ಅಡುಗೆಮನೆಯಲ್ಲಿ ಮೀನಿಲ್ಲದ ದಿನ ಈ ವಾಸನೆ ಬಂದರೆ ಗೀಸರ್, ಫ್ರಿಜ್, ಗ್ರೈಂಡರಿನ ಪ್ಲಗ್ಗುಗಳನ್ನು ಒಂದೊಂದಾಗಿ ನೋಡಿ. ಸಾಕೆಟ್ಟಿನ ತೂತಿನ ಅಂಚು ಕಂದು ಬಣ್ಣಕ್ಕೆ ತಿರುಗಿರುತ್ತದೆ, ಪ್ಲಗ್ಗಿನ ಪಿನ್ನು ಕಪ್ಪಾಗಿರುತ್ತದೆ, ಸ್ವಿಚ್ ಬೋರ್ಡಿಗೆ ಅಂಗೈಯ ಹಿಂಬದಿ ತಾಗಿಸಿದರೆ ಬೆಚ್ಚಗಿರುತ್ತದೆ.

2000 ವಾಟ್ ಗೀಸರ್ ಸುಮಾರು 9 ಆಂಪಿಯರ್ ಎಳೆಯುತ್ತದೆ. ಉಪ್ಪುಗಾಳಿಗೂ ನಾಲ್ಕು ತಿಂಗಳ ಮಳೆಗೂ ಸಾಕೆಟ್ಟಿನೊಳಗಿನ ಹಿತ್ತಾಳೆ ಹಸಿರುಗಟ್ಟಿ ಹಿಡಿತ ಸಡಿಲವಾಗುತ್ತದೆ. ಆ ಸಡಿಲ ಜಾಗವೇ ಕಾಯುವುದು. ಇಂಥ ಹೊತ್ತಿನಲ್ಲಿ ಎಂಸಿಬಿ (ಕರೆಂಟು ಹೆಚ್ಚಾದರೆ ತಾನಾಗಿ ಆಫ್ ಆಗುವ ಸ್ವಿಚ್ಚು) ಬೀಳುವುದಿಲ್ಲ, ಏಕೆಂದರೆ ಕರೆಂಟು ಮಿತಿ ಮೀರಿಲ್ಲ. ಸಾಕೆಟ್ ಬದಲಿಸುವಾಗ ಪ್ಲಗ್ಗನ್ನೂ ಬದಲಿಸಿ. ಹಳೆಯ ಕಪ್ಪು ಪಿನ್ನು ಹೊಸ ಸಾಕೆಟ್ಟನ್ನೂ ಕೆಲವೇ ತಿಂಗಳಲ್ಲಿ ಸುಡುತ್ತದೆ. ಕಪ್ಪಾದ ವೈರಿನ ತುದಿಯನ್ನು ಕತ್ತರಿಸಿ, ಹೊಳೆಯುವ ತಾಮ್ರ ಸಿಕ್ಕಿದ ಮೇಲೆ ಸ್ಕ್ರೂ ಬಿಗಿ ಮಾಡಿಸಬೇಕು. ಗೀಸರಿಗೆ 2.5 ಚದರ ಮಿ.ಮೀ. ತಾಮ್ರದ ವೈರು, ಒಂದೂವರೆ ಟನ್ ಎಸಿಗೆ 4 ಚದರ ಮಿ.ಮೀ. ಎಂಸಿಬಿ ಪದೇ ಪದೇ ಬೀಳುತ್ತದೆಂದು ದೊಡ್ಡದನ್ನು ಹಾಕಿಸಿದರೆ ಅದು ಬೀಳುವ ಮೊದಲೇ ಗೋಡೆಯೊಳಗಿನ ವೈರು ಕರಗುತ್ತದೆ.

ಮಳೆಗಾಲದಲ್ಲಿ ಗೋಡೆ ಒದ್ದೆಯಾಗಿ, ಕರೆಂಟು ಸೋರಿದರೆ ಲೈನು ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಬೀಳತೊಡಗಿದರೆ ಅದನ್ನು ತಪ್ಪಿಸಿ "ಡೈರೆಕ್ಟ್" ಕೊಡಿಸಿಕೊಳ್ಳುವ ಅಭ್ಯಾಸ ಇಲ್ಲಿ ಬಹಳ. ಕೊಡುವ ಎಲೆಕ್ಟ್ರಿಷಿಯನ್‌ಗಿಂತ ಕೇಳುವ ಮನೆಯವರದ್ದೇ ತಪ್ಪು ಹೆಚ್ಚು. ಯಾವ ಲೈನಿನಲ್ಲಿ ಸೋರಿಕೆ ಇದೆಯೋ ಅದೊಂದನ್ನು ಬಿಡಿಸಿಡಿ, ಉಳಿದದ್ದು ನಡೆಯುತ್ತದೆ. ಆರ್‌ಸಿಸಿಬಿಯ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ.

ಮರ ಬಿದ್ದು ಲೈನಿನ ನ್ಯೂಟ್ರಲ್ ತುಂಡಾದರೆ 230 ವೋಲ್ಟ್ ಬರಬೇಕಾದಲ್ಲಿ 400ರ ಹತ್ತಿರ ಬರಬಹುದು. ಬಲ್ಬುಗಳು ಒಮ್ಮೆಲೇ ಕಣ್ಣು ಕುಕ್ಕುವಂತೆ ಉರಿದರೆ, ಫ್ಯಾನಿನ ಸದ್ದು ಬದಲಾದರೆ ಯೋಚಿಸುತ್ತ ನಿಲ್ಲಬೇಡಿ, ಮೈನ್ ಆಫ್ ಮಾಡಿ ಮೆಸ್ಕಾಂಗೆ 1912ಕ್ಕೆ ಹೇಳಿ.

ಮೈನ್ ಆಫ್ ಮಾಡಿದರೆ ಮುಗಿಯಲಿಲ್ಲ

ಇನ್ವರ್ಟರ್ ಇರುವ ಮನೆಯಲ್ಲಿ ಮೈನ್ ತೆಗೆದ ಕ್ಷಣವೇ ಬ್ಯಾಟರಿಯಿಂದ ಲೈಟಿನ ಲೈನುಗಳಿಗೆ ಮತ್ತೆ ಕರೆಂಟು ಬರುತ್ತದೆ. ಅದನ್ನೂ ಆಫ್ ಮಾಡಬೇಕು. ಮಾಡಿನ (ಛಾವಣಿಯ) ಮೇಲೆ ಸೋಲಾರ್ ಪ್ಯಾನೆಲ್ ಇದ್ದರೆ ಬಿಸಿಲಿರುವಷ್ಟು ಹೊತ್ತು ಪ್ಯಾನೆಲಿನಿಂದ ಇಳಿಯುವ ವೈರು ಜೀವಂತ; ಅದಕ್ಕೆ ಪ್ರತ್ಯೇಕ ಡಿಸಿ ಸ್ವಿಚ್ ಇರುತ್ತದೆ. ಈ ಮೂರೂ ಸ್ವಿಚ್ಚುಗಳ ಮೇಲೆ ಕೆಂಪು ಬಣ್ಣದಲ್ಲಿ ಒಂದು, ಎರಡು, ಮೂರು ಎಂದು ಬರೆದು ಮನೆಯ ಮಕ್ಕಳಿಗೂ ತೋರಿಸಿಡಿ.

ಇನ್ನೊಂದು ತೊಡಕು ಬಾವಿಯ ಪಂಪಿನದ್ದು. ಅಂಗಳದಲ್ಲಿ ತುಂಬಿದ ಬಾವಿ ಇರುತ್ತದೆ, ಪೈಪೂ ಇರುತ್ತದೆ. ಪಂಪಿನ ಸಂಪರ್ಕ ಮನೆಯ ಮೈನಿನ ಒಳಗಿನಿಂದಲೇ ಹೋಗಿದ್ದರೆ ಮೈನ್ ತೆಗೆದ ಕೂಡಲೇ ನೀರೂ ನಿಂತಿತು. ಮೀಟರಿನ ನಂತರ ಪಂಪಿಗೆ ಬೇರೆ ಸ್ವಿಚ್ಚು ಕೊಟ್ಟು, ವೈರನ್ನು ಮನೆಯ ಹೊರಗಿನಿಂದ ಒಯ್ಯಿಸಿ. ಅಲ್ಲಿಯವರೆಗೆ ಮಾಡಿನ ಮೇಲಿನ ಟಾಂಕಿಯೇ ಗತಿ: ಅದರ ಕೆಳಗಿನ ಪೈಪಿಗೆ ಹೊರಗಡೆ ಒಂದು ನಲ್ಲಿ ಇಟ್ಟು, ಅಡುಗೆಮನೆಯ ಬಾಗಿಲು ದಾಟಿ ಒಳಗೆ ಹೋಗುವಷ್ಟು ಉದ್ದದ ಹೋಸ್ ಪೈಪನ್ನು ಸಿಕ್ಕಿಸಿಯೇ ಇಡಿ. ಕರೆಂಟಿಲ್ಲದೆಯೂ ನೀರು ಇಳಿಯುತ್ತದೆ. ಏಪ್ರಿಲ್, ಮೇಯಲ್ಲಿ ಬಾವಿ ತಳ ಕಂಡಾಗ ಇದರ ಬೆಲೆ ಗೊತ್ತಾಗುತ್ತದೆ.

ಗ್ಯಾಸು, ಎಣ್ಣೆ, ಬಚ್ಚಲ ಒಲೆ

ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲದ ಮೇಲೆ ಹರಡಿ ತಗ್ಗಿರುವ ಕಡೆ ನಿಲ್ಲುತ್ತದೆ. ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ, ಆಫ್ ಮಾಡಲಿಕ್ಕೂ ಸಹ. ಒಳಗಿನ ಸಣ್ಣ ಕಿಡಿಯೇ ಸಾಕು. ರೆಗ್ಯುಲೇಟರ್ ತೆಗೆದು ಮುಚ್ಚಳ ಹಾಕಿ, ಬಾಗಿಲು ಕಿಟಕಿ ತೆರೆದು, ದೇವರ ದೀಪ, ಬಚ್ಚಲ ಒಲೆ ಆರಿಸಿ ಹೊರಗೆ ಬನ್ನಿ. ಅಂಗಳದಿಂದ 1906ಕ್ಕೆ ಫೋನ್ ಮಾಡಿ. ಹೊಸ ಸಿಲಿಂಡರಿನ ಮುಚ್ಚಳ ತೆಗೆದಾಗ ಸುಯ್ ಎಂದರೆ ಬಾಯಿಯೊಳಗಿನ ಸಣ್ಣ ಕಪ್ಪು ವಾಷರ್ ಇಲ್ಲ ಅಥವಾ ಹರಿದಿದೆ; ಮುಚ್ಚಳ ಹಾಕಿ ವಾಪಸು ಕೊಡಿ. ಸೋರಿಕೆ ನೋಡಲು ಸಾಬೂನು ನೀರು ಹಚ್ಚಿ, ಗುಳ್ಳೆ ಎದ್ದಲ್ಲಿ ತೂತು. ಕಡ್ಡಿ ಗೀರಿ ನೋಡುವವರು ಇನ್ನೂ ಇದ್ದಾರೆ.

ಸಿಲಿಂಡರಿನ ಕೊರಳಪಟ್ಟಿಯ ಮೇಲೆ ಅಕ್ಷರವೂ ವರ್ಷವೂ ಬರೆದಿರುತ್ತದೆ. ಎ ಎಂದರೆ ಜನವರಿಯಿಂದ ಮಾರ್ಚ್, ಡಿ ಎಂದರೆ ಅಕ್ಟೋಬರಿನಿಂದ ಡಿಸೆಂಬರ್. ಆ ಅವಧಿ ದಾಟಿದ್ದನ್ನು ತೆಗೆದುಕೊಳ್ಳಬೇಡಿ. ಒಳಗೆ ಉಕ್ಕಿನ ತಂತಿ ಇರುವ ಐಎಸ್‌ಐ ಗುರುತಿನ ಕಿತ್ತಳೆ ಪೈಪಿಗೆ ಐದು ವರ್ಷ ಆಯಸ್ಸು. ಪೈಪಿನ ಮೇಲೆ ಬಟ್ಟೆ ಸುತ್ತಬೇಡಿ, ಇಲಿ ಕಡಿದದ್ದು ಕಾಣುವುದಿಲ್ಲ.

ಬಾಣಲೆಯ ಎಣ್ಣೆ ಹೊತ್ತಿಕೊಂಡರೆ ಒಲೆ ಆಫ್ ಮಾಡಿ, ತಟ್ಟೆಯನ್ನೋ ದೋಸೆಕಲ್ಲನ್ನೋ ನಿಮ್ಮ ಕಡೆಯಿಂದ ಆಚೆಗೆ ಜಾರಿಸುತ್ತ ಮುಚ್ಚಿ. ಬಾಣಲೆಯನ್ನು ಎತ್ತಿಕೊಂಡು ಓಡಬೇಡಿ. ಅರ್ಧ ಗಂಟೆ ಮುಚ್ಚಳ ತೆಗೆಯಬೇಡಿ. ಬಿಸಿ ಎಣ್ಣೆಗೆ ಗಾಳಿ ಸಿಕ್ಕಿದರೆ ಮತ್ತೆ ಹತ್ತುತ್ತದೆ. ನೀರು ಹಾಕಿದರೆ ಅದು ಎಣ್ಣೆಯ ಅಡಿಗಿಳಿದು, ಸಾವಿರದ ಏಳುನೂರು ಪಟ್ಟು ಹಿಗ್ಗುವ ಹಬೆಯಾಗಿ, ಉರಿಯುವ ಎಣ್ಣೆಯನ್ನು ಮಾಡಿಗೇ ಎಸೆಯುತ್ತದೆ.

ಬಚ್ಚಲ ಹಂಡೆಯ ಒಲೆಯ ಮುಂದೆ ಮಡಲು (ತೆಂಗಿನ ಗರಿ), ಗೆರಟೆ, ತೆಂಗಿನ ಸಿಪ್ಪೆ ರಾಶಿ ಹಾಕುವುದು ನಮ್ಮಲ್ಲಿ ವಾಡಿಕೆ. ಒಲೆಯ ಬಾಯಿಯಿಂದ ಒಂದು ಮೀಟರ್ ಜಾಗ ಖಾಲಿ ಇರಲಿ. ಒಲೆಯಿಂದ ಹೊರಕ್ಕೆ ಚಾಚಿದ ಮಡಲಿನ ಹಿಡಿಯುದ್ದಕ್ಕೂ ಬೆಂಕಿ ಹಿಂದಕ್ಕೆ ಉರಿಯುತ್ತ ಬರುತ್ತದೆ, ಆಗ ಯಾರೂ ಅಲ್ಲಿರುವುದಿಲ್ಲ. ಬೂದಿಯನ್ನು ಗೊಬ್ಬರದ ಗುಂಡಿಗೆ ಹಾಕುವ ಮೊದಲು ನೀರು ಸುರಿಯಿರಿ. ಸಿಪ್ಪೆಯ ಕೆಂಡ ಮರುದಿನದವರೆಗೂ ಜೀವ ಹಿಡಿದಿರುತ್ತದೆ.

ಅಟ್ಟದ ಮೇಲೆ ಕೊಬ್ಬರಿ, ಹಳೆ ಪೇಪರು, ಒಲೆಯ ಮೇಲ್ಗಡೆ ಒಣಗಲು ತೂಗಿದ ರಬ್ಬರ್ ಶೀಟು ಎಲ್ಲ ಇದ್ದರೆ ಅದು ಅಟ್ಟವಲ್ಲ, ಒಟ್ಟಿದ ಸೌದೆ. ರಬ್ಬರಿಗೆ ಬೇರೆ ಹೊಗೆಗೂಡು ಕಟ್ಟಿಸಿ. ಪಕ್ಕಾಸಿನಲ್ಲಿ ಜೋತ ಮಸಿಯನ್ನು ವರ್ಷಕ್ಕೊಮ್ಮೆ, ಮಳೆ ಮುಗಿದ ಮೇಲೆ ಗುಡಿಸಿ. ಮರದ ಪಟ್ಟಿಯ ಮೇಲೆ ಓಡಿಸಿದ ಹಳೇ ವೈರಿಂಗ್ ಇದ್ದರೆ ಮನೆಗೆ ಬಣ್ಣ ಹೊಡೆಸುವ ದುಡ್ಡನ್ನು ಮೊದಲು ಅದಕ್ಕೆ ಹಾಕಿ.

ಹೊರಬರುವ ದಾರಿ

ಎಲ್ಲ ಕಿಟಕಿಗೂ ಸರಳು, ಎದುರು ಬಾಗಿಲಿಗೆ ಹೊರಗಿಂದ ಕಬ್ಬಿಣದ ಗೇಟು, ಬೀಗದ ಕೈ ಎಲ್ಲೋ ದೇವರ ಕೋಣೆಯಲ್ಲಿ: ಕಳ್ಳನಿಗೆ ಹೆದರಿ ಕಟ್ಟಿದ ಮನೆ ಬೆಂಕಿಯಲ್ಲಿ ಪಂಜರವಾಗುತ್ತದೆ. ಮಲಗುವ ಪ್ರತಿ ಕೋಣೆಯ ಒಂದು ಕಿಟಕಿಯ ಸರಳನ್ನಾದರೂ ಒಳಗಿನಿಂದ ಚಿಲಕ ತೆಗೆದು ತೆರೆಯುವಂತೆ ಮಾಡಿಸಿ. ಚಿಲಕಕ್ಕೆ ಮಳೆಗಾಲಕ್ಕೆ ಮುಂಚೆ ಗ್ರೀಸು ಹಚ್ಚದಿದ್ದರೆ ಬೇಕಾದ ದಿನ ತುಕ್ಕು ಹಿಡಿದು ಕೂತಿರುತ್ತದೆ. ಬೀಗದ ಕೈ ರಾತ್ರಿ ಬಾಗಿಲ ಪಕ್ಕದ ಮೊಳೆಯಲ್ಲೇ ಇರಬೇಕು, ಕತ್ತಲಲ್ಲಿ ಕೈಗೆ ಸಿಗುವ ಎತ್ತರದಲ್ಲಿ. ಇ-ಸ್ಕೂಟರನ್ನು ರಾತ್ರಿ ಜಗಲಿಯಲ್ಲಿ, ಅಂದರೆ ಹೊರಬರುವ ಒಂದೇ ದಾರಿಯಲ್ಲಿ, ಚಾರ್ಜಿಗೆ ಇಡಬೇಡಿ.

ಎಲ್ಲರೂ ಹೊರಬಂದು ಸೇರುವ ಜಾಗ ಮೊದಲೇ ಗೊತ್ತಿರಲಿ: ತುಳಸಿಕಟ್ಟೆ, ಗೇಟಿನ ಪಕ್ಕದ ತೆಂಗಿನ ಮರ, ಯಾವುದಾದರೂ ಸರಿ. ಅಲ್ಲಿ ತಲೆ ಎಣಿಸದೆ "ಅಜ್ಜಿ ಒಳಗಿದ್ದಾರೆ" ಎಂದು ಒಬ್ಬರು ಒಳಗೆ ಓಡುವುದು, ಅಜ್ಜಿ ಹಿತ್ತಿಲಿನಲ್ಲಿ ನಿಂತಿರುವುದು, ಇಂಥದ್ದರಲ್ಲೇ ಜೀವ ಹೋಗುವುದು. ಹಟ್ಟಿಯ ದನಗಳ ಹಗ್ಗಕ್ಕೆ ಒಂದೇ ಎಳೆತಕ್ಕೆ ಬಿಚ್ಚುವ ಗಂಟು ಹಾಕಿ. ಬಿಟ್ಟ ದನವನ್ನು ದೂರ ಅಟ್ಟಿ ಹಟ್ಟಿಯ ಬಾಗಿಲು ಹಾಕಿ. ಹೆದರಿದ ದನ ಉರಿಯುವ ಹಟ್ಟಿಗೇ ವಾಪಸು ನುಗ್ಗುತ್ತದೆ.

ಬೆಂಕಿ ಕಂಡಾಗ

ಕೂಗಿ ಎಬ್ಬಿಸಿ, ಹೊರಗೆ ಕಳಿಸಿ, ದಾಟಿ ಬಂದ ಕೋಣೆಯ ಬಾಗಿಲು ಎಳೆದುಕೊಳ್ಳಿ. ಹಾಕಿದ ಬಾಗಿಲು ಹೊಗೆಯನ್ನು ಕೆಲವು ನಿಮಿಷ ತಡೆಯುತ್ತದೆ. ಆಮೇಲೆ 112 ಅಥವಾ 101. ಮನೆಯ ಹೆಸರು, ಡೋರ್ ನಂಬರ್ ಹೇಳಿದರೆ ಅಲ್ಲಿರುವವರಿಗೆ ಏನೂ ಗೊತ್ತಾಗದು. ಹತ್ತಿರದ ಬಸ್‌ಸ್ಟ್ಯಾಂಡು, ಶಾಲೆ, ಭಜನಾ ಮಂದಿರ, ಎಲ್ಲಿ ತಿರುಗಬೇಕು ಎಂದು ಹೇಳಿ. ಒಳಗೆ ಯಾರಾದರೂ ಸಿಕ್ಕಿಬಿದ್ದಿದ್ದಾರೆಯೇ, ಸಿಲಿಂಡರ್ ಎಷ್ಟು, ದಾರಿಗೆ ದೊಡ್ಡ ವಾಹನ ಬರುತ್ತದೆಯೇ, ತಗ್ಗಿನಲ್ಲಿ ಜೋತ ವೈರು ಇದೆಯೇ ಎನ್ನುವುದನ್ನೂ ಸೇರಿಸಿ. ಒಬ್ಬರನ್ನು ಬೈಕಿನಲ್ಲಿ ಮುಖ್ಯರಸ್ತೆಗೆ ಅಟ್ಟಿ, ಟಾರ್ಚು ಹಿಡಿದು ನಿಲ್ಲಲಿ.

ನಂದಿಸುವ ಪ್ರಯತ್ನ ಬೆಂಕಿ ಒಂದು ಕಸದ ಬುಟ್ಟಿಯಷ್ಟಿದ್ದಾಗ ಮಾತ್ರ. ಬೆಂಕಿ ನಂದಿಸುವ 4 ಕೆ.ಜಿ.ಯ ಎಬಿಸಿ ಪುಡಿಯ ಸಿಲಿಂಡರ್ ಮನೆಗೆ ಸಾಕು. ಅದನ್ನು ಒಲೆಯ ಪಕ್ಕದಲ್ಲಿಡದೆ ಅಡುಗೆಮನೆಯಿಂದ ಹೊರಬರುವ ಬಾಗಿಲಿನ ಬಳಿ ತೂಗುಹಾಕಿ. ನೆಲದ ಮೇಲಿಟ್ಟರೆ ನಮ್ಮ ತೇವಕ್ಕೆ ತಳ ತುಕ್ಕು ಹಿಡಿಯುತ್ತದೆ. ಒತ್ತಡ ತೋರಿಸುವ ಮುಳ್ಳು ಹಸಿರಿನಲ್ಲಿದೆಯೇ ಎಂದು ಆಗಾಗ ನೋಡಿ. ಬಳಸುವಾಗ ಬೆನ್ನು ಬಾಗಿಲ ಕಡೆಗಿರಲಿ. ಎರಡು ಮೂರು ಮೀಟರ್ ದೂರ ನಿಂತು, ಪಿನ್ನು ಎಳೆದು, ಜ್ವಾಲೆಗಲ್ಲ, ಜ್ವಾಲೆಯ ಬುಡಕ್ಕೆ ಹಿಡಿದು ಆಚೀಚೆ ಬೀಸಿ. ಹತ್ತು ಹದಿನೈದು ಸೆಕೆಂಡಿನಲ್ಲಿ ಖಾಲಿ. ಅಷ್ಟರಲ್ಲಿ ಆರದಿದ್ದರೆ ಹೊರಗೆ ನಡೆಯಿರಿ.

ಗ್ಯಾಸ್ ಸಿಲಿಂಡರಿನ ಬಾಯಿಯಲ್ಲಿ ಉರಿ ಎದ್ದು, ಸುತ್ತ ಬೇರೇನಕ್ಕೂ ಬೆಂಕಿ ತಗಲಿಲ್ಲದಿದ್ದರೆ, ನೀರು ತೊಟ್ಟಿಕ್ಕುವಷ್ಟು ಒದ್ದೆ ಮಾಡಿದ ಗೋಣಿಯನ್ನು ಮುಂದೆ ಹಿಡಿದು ಪಕ್ಕದಿಂದ ಹೋಗಿ ಬಾಯಿಗೆ ಹೊದಿಸಿ ರೆಗ್ಯುಲೇಟರ್ ಬಂದ್ ಮಾಡಬಹುದು. ಸಿಲಿಂಡರ್ ಅಡ್ಡ ಬಿದ್ದಿದ್ದರೆ, ಅಥವಾ ಬೆಂಕಿಯ ನಡುವೆ ಕಾಯುತ್ತಿದ್ದರೆ, ಹತ್ತಿರ ಸುಳಿಯಬೇಡಿ.

ಹೊಗೆ ತುಂಬಿದಲ್ಲಿ ಮೊಣಕಾಲೂರಿ ಗೋಡೆ ಹಿಡಿದು ಸಾಗಿ. ನೆಲದ ಹತ್ತಿರದ ಗಾಳಿಯೇ ಉಸಿರಾಡುವಂಥದ್ದು. ಮುಚ್ಚಿದ ಬಾಗಿಲನ್ನು ಅಂಗೈಯ ಹಿಂಬದಿಯಿಂದ ಮುಟ್ಟಿ. ಬಿಸಿ ಇದ್ದರೆ ತೆರೆಯಬೇಡಿ. ಫ್ಲಾಟಿನವರು ಲಿಫ್ಟು ಬಿಟ್ಟು ಮೆಟ್ಟಿಲು ಹಿಡಿಯಬೇಕು. ಮೆಟ್ಟಿಲಲ್ಲೇ ಹೊಗೆ ಇದ್ದರೆ ಮನೆಯ ಬಾಗಿಲು ಹಾಕಿ, ಸಂದಿಗೆ ಒದ್ದೆ ಬಟ್ಟೆ ತುರುಕಿ, ಬಾಲ್ಕನಿಗೆ ಬಂದು ಫೋನ್ ಮಾಡಿ.

ನೈಟಿಗೆ ಬೆಂಕಿ ತಗಲಿದವರನ್ನು ಓಡಲು ಬಿಡಬೇಡಿ. ನೆಲಕ್ಕೆ ಮಲಗಿಸಿ ಹೊರಳಿಸಿ, ದಪ್ಪ ಹತ್ತಿ ಹೊದಿಕೆ ಅಥವಾ ಕಂಬಳಿ ಸುತ್ತಿ. ಸುಟ್ಟ ಜಾಗಕ್ಕೆ 20 ನಿಮಿಷ ಹರಿಯುವ ತಣ್ಣೀರು ಬಿಡಿ, ಐಸ್ ಬೇಡ. ಬಳೆ, ಉಂಗುರ ಬಾವು ಬರುವ ಮೊದಲೇ ತೆಗೆಯಿರಿ. ಚರ್ಮಕ್ಕೆ ಅಂಟಿದ ನೈಲಾನನ್ನು ಕೀಳಬೇಡಿ. ಟೂತ್‌ಪೇಸ್ಟ್, ಬೆಣ್ಣೆ, ಅರಸಿನ ಹಚ್ಚಿದ್ದನ್ನೆಲ್ಲ ಆಸ್ಪತ್ರೆಯಲ್ಲಿ ಉಜ್ಜಿ ತೆಗೆಯಬೇಕಾಗುತ್ತದೆ, ಆ ನೋವು ಬೇರೆ. ಶುಭ್ರ ಬಟ್ಟೆ ಹೊದಿಸಿ 108ಕ್ಕೆ ಹೇಳಿ. ಮೂಗಿನ ಕೂದಲು ಸುಟ್ಟಿದ್ದರೆ, ದನಿ ಒಡೆದಿದ್ದರೆ, ಮೈಮೇಲೆ ಗಾಯವೇ ಇಲ್ಲದಿದ್ದರೂ ಮಂಗಳೂರಿನ ವೆನ್‌ಲಾಕ್, ಮಣಿಪಾಲ ಎಂದು ದೊಡ್ಡ ಆಸ್ಪತ್ರೆಗೇ ಹೊರಡಿ. ಗಂಟಲು ಬಾತುಕೊಳ್ಳುವುದು ಕೆಲವು ಗಂಟೆ ಕಳೆದ ಮೇಲೆ.

ಆರಿದ ಮೇಲೆ

ನೀರು ಕುಡಿದ ಮಣ್ಣಿನ ಗಾರೆಯ ಮುರಕಲ್ಲಿನ ಗೋಡೆ ಮರುದಿನವೂ ಕುಸಿಯಬಹುದು. ಸಿಡಿದ ಹಂಚು ತಾನಾಗಿ ಜಾರುತ್ತದೆ. ಅಧಿಕಾರಿಗಳು ಹೇಳುವವರೆಗೆ ಒಳಗೆ ಹೋಗಬೇಡಿ, ರಾತ್ರಿ ಒಬ್ಬರು ಹೊರಗೆ ಕಾವಲಿರಿ. ಸಿಪ್ಪೆ, ಪಕ್ಕಾಸಿನ ಒಳಕೆಂಡ ಗಾಳಿಗೆ ಮತ್ತೆ ಏಳುತ್ತದೆ. ಕಾದ ಕಬ್ಬಿಣದ ಕಪಾಟನ್ನು ಅವಸರಕ್ಕೆ ತೆರೆದರೆ ಒಳಗೆ ಕಪ್ಪಾಗಿ ಉಳಿದ ಕಾಗದ ಗಾಳಿ ತಾಗಿದ ಕೂಡಲೇ ಭಗ್ಗನೆ ಹೊತ್ತಿಕೊಳ್ಳುತ್ತದೆ. ಹೊರಗಿಂದ ಮುಟ್ಟಿದರೆ ಪೂರ್ತಿ ತಣ್ಣಗಾಗುವವರೆಗೆ ಕಾಯಿರಿ.

ಏನನ್ನೂ ಎತ್ತುವ ಮೊದಲು ಪ್ರತಿ ಕೋಣೆಯ ನಾಲ್ಕೂ ಮೂಲೆಯ ಫೋಟೋ ತೆಗೆಯಿರಿ. ಪೊಲೀಸರಿಗೆ ದೂರು, ಗ್ರಾಮ ಆಡಳಿತಾಧಿಕಾರಿಯ ಮಹಜರು, ಅಗ್ನಿಶಾಮಕ ಠಾಣೆಯ ವರದಿ, ಈ ಮೂರರ ಪ್ರತಿ ಇಲ್ಲದೆ ಪರಿಹಾರದ ಅರ್ಜಿಯೂ ವಿಮೆಯೂ ಮುಂದೆ ಸಾಗವು. ವಿಮಾ ಕಂಪನಿಗೆ ಅಂದೇ ತಿಳಿಸಿ. ಗ್ಯಾಸಿನ ಅವಘಡವಾಗಿದ್ದರೆ ಏಜೆನ್ಸಿಗೆ ಲಿಖಿತವಾಗಿ ಕೊಡಿ, ನೋಂದಾಯಿತ ಗ್ರಾಹಕರಿಗೆ ತೈಲ ಕಂಪನಿಗಳ ವಿಮೆ ಇದೆ. ವಿಮೆಯೇ ಇಲ್ಲದವರು 2021ರ ಏಪ್ರಿಲಿನಿಂದ ಬಂದಿರುವ ಭಾರತ್ ಗೃಹ ರಕ್ಷಾ ಪಾಲಿಸಿಯನ್ನು ನೋಡಬಹುದು. ಮೊತ್ತ ಬರೆಸುವಾಗ ಜಾಗದ ಬೆಲೆ ಸೇರಿಸಬೇಡಿ, ಮನೆ ಮತ್ತೆ ಕಟ್ಟಲು ಎಷ್ಟು ಬೇಕೋ ಅಷ್ಟು.

ಪಹಣಿ ಆನ್‌ಲೈನಿನಲ್ಲಿ ಸಿಗುತ್ತದೆ, ನೋಂದಾಯಿತ ಕ್ರಯಪತ್ರದ ದೃಢೀಕೃತ ನಕಲು ಉಪನೋಂದಣಾಧಿಕಾರಿಯ ಕಚೇರಿಯಲ್ಲಿ. ಸುಟ್ಟು ಕರಕಲಾದ ನೋಟುಗಳನ್ನು ಬ್ಯಾಂಕ್ ಶಾಖೆ ತೆಗೆದುಕೊಳ್ಳುವುದಿಲ್ಲ, ರಿಸರ್ವ್ ಬ್ಯಾಂಕಿನ ಕಚೇರಿಗೇ ಒಪ್ಪಿಸಬೇಕು. ಕಟ್ಟನ್ನು ಬಿಡಿಸಲು, ಬೂದಿ ಕೊಡವಲು ಹೋಗಬೇಡಿ. ಇದ್ದ ಹಾಗೇ ಹತ್ತಿಯ ನಡುವೆ ಇಟ್ಟು, ಅಲುಗಾಡದ ಡಬ್ಬಿಗೆ ಹಾಕಿ.