ಲಾವೆ ಮೋಟಾರನ್ನು ಕೈಯಾರೆ ಓಡಿಸಿದ್ದು

ನಾನು ಕೆಲಸ ಕಲಿತಿದ್ದು ಎಚ್‌ಎಂಟಿಯ ಕೀಲಿ ವಾಚುಗಳ ಮೇಲೆ. ಅವುಗಳಲ್ಲಿ ಎಲ್ಲಿ ಹಿಡಿದಿದೆ ಅಂತ ಲೂಪ್ (ಕಣ್ಣಿಗಿಡುವ ಭೂತಗನ್ನಡಿ) ಹಾಕಿ ನೋಡಿದರೆ ಗೊತ್ತಾಗುತ್ತದೆ. ಸೆಲ್ಲಿನಿಂದ ಓಡುವ ಕ್ವಾರ್ಟ್ಜ್ ವಾಚು ಬಂದರೆ ಮಾತ್ರ ಸೆಲ್ ಬದಲಿಸು, ಓಡದಿದ್ದರೆ ಒಳಗಿನ ಯಂತ್ರವಾದ ಇಡೀ ಮೂವ್‌ಮೆಂಟನ್ನೇ ಬದಲಿಸು, ಅಷ್ಟೇ. ಮುಳ್ಳು ತಿರುಗಿಸುವ ಒಳಗಿನ ಮೋಟಾರು, ಅಂದರೆ ಲಾವೆ ಮೋಟಾರು, ಅರ್ಥವಾಗಲೇಬೇಕು ಅನ್ನಿಸಿ, ಹಳೇ ಗೋಡೆ ಗಡಿಯಾರವೊಂದರ ಪ್ಲಾಸ್ಟಿಕ್ ಮೂವ್‌ಮೆಂಟ್ ಬಿಚ್ಚಿದೆ.

ಮೋಟಾರಿನ ತಂತಿ ಸುರುಳಿಯ, ಅಂದರೆ ಕಾಯಿಲ್‌ನ, ಎರಡೂ ತುದಿಗಳನ್ನು ಸರ್ಕ್ಯೂಟಿನಿಂದ ಬಿಡಿಸಿ, ವೈರ್ ಬೆಸೆದು, 1.5 ವೋಲ್ಟಿನ ಪೆನ್ ಸೆಲ್ಲಿಗೆ ಮುಟ್ಟಿಸಿದೆ. ಟಿಕ್! ಸೆಕೆಂಡ್ ಮುಳ್ಳು ಒಂದು ಮನೆ ಮುಂದೆ ಹೋಯಿತು. ಮತ್ತೆ ಹಾಗೆಯೇ ಮುಟ್ಟಿಸಿದರೆ ಮಿಸುಕಿತು, ಜರುಗಲಿಲ್ಲ. ಪ್ಲಸ್ ಮೈನಸ್ ಅದಲುಬದಲು ಮಾಡಿದೆ, ಟಿಕ್. ಒಳಗೆ ತಿರುಗುವ ಭಾಗವಾದ ರೋಟರ್ ಎರಡೇ ಧ್ರುವದ ಪುಟ್ಟ ಅಯಸ್ಕಾಂತ; ಕರೆಂಟಿನ ಒಂದು ಪಲ್ಸಿಗೆ (ಮಿಡಿತಕ್ಕೆ) ಅರ್ಧ ಸುತ್ತು, ಮುಂದಿನ ಅರ್ಧಕ್ಕೆ ಕರೆಂಟು ದಿಕ್ಕು ಬದಲಿಸಬೇಕು.

ಎಡಕ್ಕೋ ಬಲಕ್ಕೋ ಅಂತ ಅದಕ್ಕೆ ಹೇಳುವವರಾರು? ರೋಟರಿನ ಸುತ್ತ ಕದಲದೆ ಕೂತ ಸ್ಟೇಟರಿನ ತೂತನ್ನು ಲೂಪಿನಲ್ಲಿ ನೋಡಿ, ಅದು ಪೂರ್ತಿ ದುಂಡಗಿಲ್ಲ. ಅದರಿಂದಾಗಿ ರೋಟರ್ ಸುಮ್ಮನಿರುವಾಗ ಕಾಯಿಲ್ ಎಳೆಯುವ ನೇರಕ್ಕೆ ನಿಲ್ಲದೆ ಸ್ವಲ್ಪ ಓರೆಯಾಗಿ ನಿಲ್ಲುತ್ತದೆ, ಪ್ರತಿ ಸಲವೂ ಒಂದೇ ಕಡೆಗೆ ತಿರುಗುತ್ತದೆ. ಹಾಗೆ ನಿಂತಿರಲು ಕರೆಂಟೂ ಬೇಡ. ಸೆಕೆಂಡಿಗೆ ಕೆಲವೇ ಮಿಲಿಸೆಕೆಂಡಿನ ಪಲ್ಸ್ ಸಾಕು. ಗುಂಡಿ ಸೆಲ್ಲು ವರ್ಷಗಟ್ಟಲೆ ಬಾಳುವುದು ಇದರಿಂದಲೇ. ನನಗಂತೂ ಕಂಪಿಸಿ ಸಮಯ ಅಳೆಯುವ ಕ್ವಾರ್ಟ್ಜ್ ಹರಳಿಗಿಂತ ಈ ಓರೆಯೇ ದೊಡ್ಡ ಬುದ್ಧಿವಂತಿಕೆ ಅನ್ನಿಸುತ್ತದೆ.

ಫ್ರಾನ್ಸಿನ ಎಂಜಿನಿಯರ್ ಮಾರಿಯಸ್ ಲಾವೆ ಈ ಮೋಟಾರಿಗೆ ಪೇಟೆಂಟ್ ಪಡೆದದ್ದು 1936ರಲ್ಲಿ. ಆಗಿನ್ನೂ ಟ್ರಾನ್ಸಿಸ್ಟರೇ ಹುಟ್ಟಿರಲಿಲ್ಲ! ಜಪಾನಿನ ಸೀಕೋ ಕಂಪನಿಯ ಮೊದಲ ಕ್ವಾರ್ಟ್ಜ್ ಕೈಗಡಿಯಾರ ಬಂದದ್ದು 1969ರ ಡಿಸೆಂಬರಿನಲ್ಲಿ. ಮುಂದೆ ಮುಳ್ಳಿನ ಕ್ವಾರ್ಟ್ಜ್ ವಾಚುಗಳಲ್ಲಿ ಬಹುಪಾಲು ಲಾವೆಯ ಮಾದರಿಗೇ ಬಂದು ನಿಂತವು. ಹರಳಿನ, ಸೆಕೆಂಡಿಗೆ 32,768 ಕಂಪನಗಳನ್ನು ಎಲೆಕ್ಟ್ರಾನಿಕ್ ಚಿಪ್ ಹದಿನೈದು ಸಲ ಅರ್ಧ ಮಾಡಿ ಸೆಕೆಂಡಿಗೊಂದು ಪಲ್ಸ್ ಕೊಡುತ್ತದೆ, ಮಿಕ್ಕಿದ್ದು ಈ ಮೋಟಾರಿನ ಪಾಲು.

ಈಗ ನಿಂತ ವಾಚು ಬಂದರೆ ಮೊದಲು ಸೆಲ್, ಆಮೇಲೆ ಮೀಟರ್ ಹಿಡಿದು ಕಾಯಿಲ್ ನೋಡುತ್ತೇನೆ. ಸಾಮಾನ್ಯವಾಗಿ ಒಂದೆರಡು ಕಿಲೋ ಓಮ್ ತೋರಿಸುತ್ತದೆ. ಏನೂ ತೋರಿಸದಿದ್ದರೆ ಕೂದಲಿಗಿಂತ ಸಣ್ಣ ತಂತಿ ಕಡಿದಿದೆ ಅಂತಲೇ ಅರ್ಥ, ಯಾರದೋ ಸ್ಕ್ರೂಡ್ರೈವರ್ ಜಾರಿರುತ್ತದೆ. ಕಾಯಿಲ್ ಸರಿಯಿದ್ದೂ ಮುಳ್ಳು ಇದ್ದಲ್ಲೇ ತಡವರಿಸಿದರೆ ರೋಟರಿಗೆ ಅಂಟಿದ ಕಬ್ಬಿಣದ ಪುಡಿ ಹುಡುಕುತ್ತೇನೆ. ರೋಟರನ್ನೆತ್ತಲು ಹಿತ್ತಾಳೆಯ ಚಿಮಟವೇ ಬೇಕು, ಉಕ್ಕಿನದಾದರೆ ರೋಟರ್ ಅದಕ್ಕೇ ಕಚ್ಚಿಕೊಳ್ಳುತ್ತದೆ. ಅಂಟುಮೇಣ ಒತ್ತಿ ಪುಡಿ ತೆಗೆದ ಮೇಲೆ ಬಹಳಷ್ಟು ವಾಚುಗಳು ಹೊಸ ಮೂವ್‌ಮೆಂಟ್ ಕೇಳುವುದಿಲ್ಲ.