ಡಿಶ್‌ವಾಷರ್‌ಗೆ ಲಕ್ಷ ಸುರಿಯುವ ಮುನ್ನ ನಿಮ್ಮ ನಲ್ಲಿ ನೋಡಿ

ಬೆಂಗಳೂರಿನ ನಾದಿನಿ ಮನೆಗೆ ಹೋದಾಗಲೆಲ್ಲ ನನಗೆ ಒಂದೇ ಹೊಟ್ಟೆಕಿಚ್ಚು. ಊಟ ಮುಗಿದ ಮೇಲೆ ಅವಳು ತಟ್ಟೆ ಲೋಟಗಳನ್ನು ಒಂದು ಪೆಟ್ಟಿಗೆಯೊಳಗೆ ಜೋಡಿಸಿ, ಬಾಗಿಲು ಹಾಕಿ, ಬಂದು ಸೋಫಾ ಮೇಲೆ ಕೂತುಬಿಡುತ್ತಾಳೆ. ಕೋಲಾರದ ನಮ್ಮ ಮನೆಯಲ್ಲಿ ಆ ಹೊತ್ತಿಗೆ ಸಿಂಕ್ ತುಂಬ ಮುಸುರೆ. ತಳ ಹಿಡಿದ ಮುದ್ದೆ ಪಾತ್ರೆ ಒಂದು ಕಡೆ ನೆನೆಯುತ್ತಿರುತ್ತದೆ, ಬಸ್ಸಾರಿನ ತಪ್ಪಲೆ ಇನ್ನೊಂದು ಕಡೆ.

ಹಾಗಾಗಿ ನಾನೂ ಒಂದು ದಿನ ಅಂಗಡಿಗೆ ಹೋದೆ. ಹುಡುಗ ಸೀದಾ 92 ಸಾವಿರದ ಯಂತ್ರದ ಮುಂದೆ ನಿಲ್ಲಿಸಿದ. ‘ಮೊಬೈಲ್‌ನಿಂದಲೇ ಆನ್ ಮಾಡಬಹುದು ಮೇಡಂ’ ಅಂದ. ‘ಪಾತ್ರೆಗಳು ಮೊಬೈಲ್‌ನಿಂದಲೇ ಒಳಗೆ ಹೋಗುತ್ತವಾ?’ ಅಂತ ಕೇಳಿದೆ. ಪಾಪ, ನಕ್ಕು ಸುಮ್ಮನಾದ. ‘ನಿಮ್ಮ ನೀರು ಎಂಥದ್ದು?’ ಅಂತ ಅವನು ಕೇಳಲೇ ಇಲ್ಲ. ನಮ್ಮ ಜಿಲ್ಲೆಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಅದು. ಆಮೇಲೆ ಎರಡು ತಿಂಗಳು ನಾನು ಮಾಡಿದ ಲೆಕ್ಕಾಚಾರವನ್ನು ಅದೇ ಕ್ರಮದಲ್ಲಿ ಇಲ್ಲಿ ಹೇಳುತ್ತೇನೆ.

ಒಂದು ವಾರ ಸಿಂಕ್ ಲೆಕ್ಕ ಬರೆಯಿರಿ

ಕ್ಯಾಲೆಂಡರ್ ಹಿಂದೆ ಒಂದು ಚೀಟಿ ಸಿಕ್ಕಿಸಿ. ದಿನಕ್ಕೆ ಎಷ್ಟು ಪಾತ್ರೆ ಬೀಳುತ್ತವೆ, ಯಾವ ಲೋಹದ್ದು, ಅಷ್ಟು ಬರೆದರೆ ಸಾಕು. ಸ್ಟೀಲ್, ಗಾಜು, ಪಿಂಗಾಣಿ ಧೈರ್ಯವಾಗಿ ಯಂತ್ರಕ್ಕೆ ಹೋಗುತ್ತವೆ. ಅಲ್ಯೂಮಿನಿಯಂ, ಹಿಂಡಾಲಿಯಂ ಹೋಗುವುದಿಲ್ಲ. ಯಂತ್ರಕ್ಕೆ ಹಾಕುವ ತೊಳೆಯುವ ಪುಡಿಯಲ್ಲಿ ಕ್ಷಾರ ಜಾಸ್ತಿ, ನೀರೂ ಬಿಸಿ. ಎರಡೂ ಸೇರಿ ಅಲ್ಯೂಮಿನಿಯಂ ಅನ್ನು ಕಪ್ಪಗೆ ಮಾಡುತ್ತವೆ. ಕಬ್ಬಿಣದ ದೋಸೆ ಹಂಚು ಹಾಕಿದರೆ ವರ್ಷಗಟ್ಟಲೆ ಎಣ್ಣೆ ಕುಡಿದು ಪಳಗಿದ್ದು ಒಂದೇ ಸಲಕ್ಕೆ ಹೋಗಿ ತುಕ್ಕು ಹಿಡಿಯುತ್ತದೆ. ಹಿತ್ತಾಳೆ, ತಾಮ್ರ, ನಾನ್‌ಸ್ಟಿಕ್, ಈಳಿಗೆ ಮಣೆ, ಮುದ್ದೆ ತಿರುವುವ ಕೋಲು ಎಲ್ಲವೂ ಹೊರಗೇ. ಮರ ನೀರು ಕುಡಿದು ಬಿರುಕು ಬಿಡುತ್ತದೆ.

ನಮ್ಮ ಮನೆಯಲ್ಲಿ ಆರು ಜನ. ದಿನಕ್ಕೆ ಸರಾಸರಿ 60 ಪಾತ್ರೆ ಬಿದ್ದವು. ಅದರಲ್ಲಿ 18 ಯಂತ್ರಕ್ಕೆ ಹೋಗದವು. ಅಂದರೆ ಹತ್ತರಲ್ಲಿ ಮೂರು ಪಾಲು ಕೈಯಲ್ಲೇ ತೊಳೆಯಬೇಕು. ನಿಮ್ಮ ಚೀಟಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಹಿಂಡಾಲಿಯಂ ಇದ್ದರೆ ಡಿಶ್‌ವಾಷರ್ ವಿಚಾರ ಇಲ್ಲಿಗೇ ಬಿಡಿ. ಮೊದಲು ಸ್ಟೀಲ್ ಪಾತ್ರೆ ತನ್ನಿ. ಇಬ್ಬರೇ ಇರುವ ಮನೆಗೂ ಇದು ಬೇಡ. ಯಂತ್ರ ತುಂಬುವ ತನಕ ಎರಡು ದಿನ ಮುಸುರೆ ಕಾಯುತ್ತಾ ಕೂರಬೇಕಾಗುತ್ತದೆ.

ಇನ್ನೊಂದು ವಿಷಯ. ಈ ಪೆಟ್ಟಿಗೆಯೊಳಗೆ ಬ್ರಷ್ ಇಲ್ಲ, ತಿಕ್ಕುವ ಕೈ ಇಲ್ಲ. ತಿರುಗುವ ತೋಳುಗಳಿಂದ ಬಿಸಿನೀರು ಚಿಮ್ಮುತ್ತದೆ, ಅಷ್ಟೆ. ಉಳಿದ ಕೆಲಸ ಪುಡಿಯದು. ಅದರಲ್ಲಿರುವ ಕಿಣ್ವಗಳು ಪಿಷ್ಟವನ್ನೂ ಪ್ರೋಟೀನನ್ನೂ ಕರಗಿಸುತ್ತವೆ. ಮುದ್ದೆಯ ಅಂಟು, ಅನ್ನದ ಗಂಜಿ ಎಲ್ಲ ಪಿಷ್ಟವೇ, ಹಾಗಾಗಿ ಬಿಡುತ್ತವೆ. ಆದರೆ ಸಮಯ ಬೇಕು. ಕರೆಂಟ್ ಉಳಿಸುವ ಪ್ರೋಗ್ರಾಂ ಮೂರು ಗಂಟೆಗೂ ಜಾಸ್ತಿ ಓಡುವುದು ಅದಕ್ಕೇ. ಸೀದು ಕರಕಲಾದ ತಳ ಮಾತ್ರ ಯಾವ ಯಂತ್ರಕ್ಕೂ ಬಗ್ಗುವುದಿಲ್ಲ, ಅದು ಒಂದು ಲಕ್ಷದ್ದೇ ಆಗಿರಲಿ.

ನಮ್ಮತ್ತೆಯ ತಕರಾರು ಬೇರೆಯೇ ಇತ್ತು. ‘ಎಂಜಲು ತಟ್ಟೆ, ಅನ್ನದ ಪಾತ್ರೆ ಎಲ್ಲಾ ಒಂದೇ ಡಬ್ಬಿಗೆ ಹಾಕ್ತೀಯಾ?’ ಅಂದರು. ಇದನ್ನು ನಕ್ಕು ತಳ್ಳಿಹಾಕಬೇಡಿ. ಮನೆಯಲ್ಲಿ ಒಬ್ಬರು ಒಪ್ಪದಿದ್ದರೂ ಯಂತ್ರ ಮೂಲೆ ಸೇರುತ್ತದೆ. ನಾವು ತಟ್ಟೆ ಲೋಟ ಕೆಳಗೆ, ಅಡುಗೆ ಪಾತ್ರೆ ಮೇಲೆ ಎಂದು ರಾಜಿ ಮಾಡಿಕೊಂಡೆವು. ನೀರು ಒಂದೇ ಅನ್ನುವುದನ್ನು ನಾನು ಹೇಳಲಿಲ್ಲ, ಅವರೂ ಕೇಳಲಿಲ್ಲ.

ನೀರಿನ ಗಡಸುತನ ಅಳೆಯಿರಿ

ಇಡೀ ತೀರ್ಮಾನ ನಿಂತಿರುವುದು ಇದರ ಮೇಲೆ. ನಮ್ಮಲ್ಲಿ ವರ್ಷಪೂರ್ತಿ ಹರಿಯುವ ನದಿ ಇಲ್ಲ. ಬೋರ್‌ವೆಲ್ ಸಾವಿರ ಅಡಿ ದಾಟಿ ಎಷ್ಟೋ ಕಾಲವಾಯಿತು. ಆಳದ ಬಂಡೆ ಸಂದಿನಿಂದ ಬರುವ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಹೊತ್ತುಕೊಂಡೇ ಬರುತ್ತದೆ. ಗಡಸುತನ ಅಂದರೆ ಇದೇ. ನಾವು ಸುಲಭವಾಗಿ ‘ಉಪ್ಪು ನೀರು’ ಅಂದುಬಿಡುತ್ತೇವೆ. ಬೇಳೆ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ, ಗೀಸರ್ ಕಾಯಿಲ್ ಮೇಲೆ ಸುಣ್ಣ ಕಟ್ಟುತ್ತದೆ. ಆ ಸುಣ್ಣವೇ ಡಿಶ್‌ವಾಷರ್‌ನ ಹೀಟರ್ ಮೇಲೂ, ನಿಮ್ಮ ಗಾಜಿನ ಲೋಟದ ಮೇಲೂ ಕೂರುತ್ತದೆ.

ಮನೆಯಲ್ಲೇ ಒಂದು ಅಂದಾಜು ಮಾಡಬಹುದು. ಎರಡು ಬಾಟಲಿ ತಗೊಳ್ಳಿ. ಒಂದಕ್ಕೆ ನಲ್ಲಿ ನೀರು, ಇನ್ನೊಂದಕ್ಕೆ ಐದು ರೂಪಾಯಿ ನಾಣ್ಯ ಹಾಕಿ ತರುವ ಶುದ್ಧ ನೀರಿನ ಘಟಕದ ನೀರು. ಎರಡಕ್ಕೂ ಸಾದಾ ಮೈಸೋಪಿನ ಚೂರು ಹಾಕಿ ಕುಲುಕಿ. ಘಟಕದ ನೀರಿನಲ್ಲಿ ನೊರೆ ಏಳುತ್ತದೆ, ನಲ್ಲಿ ನೀರು ಗಡಸಾಗಿದ್ದರೆ ಅದರಲ್ಲಿ ಬಿಳಿ ಕೆನೆಯಂತೆ ತೇಲುತ್ತದೆ. ಆದರೆ ಯಂತ್ರ ಕೊಳ್ಳಲು ಅಂದಾಜು ಸಾಲದು, ಸಂಖ್ಯೆ ಬೇಕು. ಗಡಸುತನ ಅಳೆಯುವ ಪಟ್ಟಿಗಳು ಆನ್‌ಲೈನ್‌ನಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತವೆ. ನೀರು ಪರೀಕ್ಷೆ ಮಾಡುವ ಲ್ಯಾಬ್‌ಗೂ ಒಂದು ಬಾಟಲಿ ಕೊಡಬಹುದು. ಆರ್‌ಓ ಹುಡುಗ ತರುವ ಟಿಡಿಎಸ್ ಮೀಟರ್ ಇದಕ್ಕಲ್ಲ. ಅದು ನೀರಿನಲ್ಲಿ ಕರಗಿರುವ ಎಲ್ಲವನ್ನೂ ಸೇರಿಸಿ ತೋರಿಸುತ್ತದೆ, ಗಡಸುತನವನ್ನೇ ಬೇರೆ ಮಾಡಿ ಹೇಳುವುದಿಲ್ಲ.

ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಗಡಸುತನದ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ನಮ್ಮ ಬೋರ್ ನೀರು 540 ತೋರಿಸಿತು. ಯಂತ್ರದ ಕೈಪಿಡಿಗಳಲ್ಲಿ ಬಹಳ ಸಲ ಜರ್ಮನ್ ಡಿಗ್ರಿಯಲ್ಲಿ ಬರೆದಿರುತ್ತಾರೆ. ನಿಮ್ಮ ಸಂಖ್ಯೆಯನ್ನು 17.8ರಿಂದ ಭಾಗಿಸಿದರೆ ಡಿಗ್ರಿ ಸಿಗುತ್ತದೆ. ನಮ್ಮದು ಸುಮಾರು 30.

ಇದಕ್ಕೆ ಯಂತ್ರದೊಳಗೇ ಮದ್ದು ಇದೆ. ತಳದಲ್ಲಿ ಸಣ್ಣ ಸಣ್ಣ ರಾಳದ ಮಣಿಗಳಿರುವ ಒಂದು ಡಬ್ಬಿ ಇರುತ್ತದೆ. ನೀರು ಅದರ ಮೂಲಕ ಹಾಯುವಾಗ ಮಣಿಗಳು ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಸೋಡಿಯಂ ಬಿಟ್ಟುಕೊಡುತ್ತವೆ. ಮಣಿಗಳು ತುಂಬಿದ ಮೇಲೆ ಉಪ್ಪು ನೀರಿನಿಂದ ತೊಳೆದು ಮತ್ತೆ ಹೊಸದಾಗುತ್ತವೆ. ಡಿಶ್‌ವಾಷರ್ ಉಪ್ಪು ಅಂತ ಮಾರುವುದು ಇದಕ್ಕೇ. ಅದು ಪಾತ್ರೆಗಲ್ಲ, ಮಣಿಗಳಿಗೆ. ಅಡುಗೆಯ ಪುಡಿ ಉಪ್ಪು ಹಾಕಬೇಡಿ. ಗಟ್ಟಿಯಾಗದಿರಲಿ ಅಂತ ಅದರಲ್ಲಿ ಬೆರೆಸಿರುವ ಪದಾರ್ಥ ಡಬ್ಬಿಯನ್ನು ಕಟ್ಟಿಸುತ್ತದೆ.

ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಹೀಗಿರಲಿ: ಇದರಲ್ಲಿ ಉಪ್ಪಿನ ಡಬ್ಬಿ ಇದೆಯಾ, ಎಷ್ಟು ಡಿಗ್ರಿಯವರೆಗೆ ತಡೆಯುತ್ತದೆ? ಮೇಜಿನ ಮೇಲಿಡುವ ಕೆಲವು ಸಣ್ಣ ಯಂತ್ರಗಳಲ್ಲಿ ಆ ಡಬ್ಬಿಯೇ ಇರುವುದಿಲ್ಲ. ಕೋಲಾರದಲ್ಲಿ ಅವನ್ನು ಮುಟ್ಟಲೂಬೇಡಿ. ಒಳ್ಳೆಯ ಯಂತ್ರಗಳು 50 ಡಿಗ್ರಿಯವರೆಗೆ, ಅಂದರೆ ಸುಮಾರು 890 ಮಿಲಿಗ್ರಾಂವರೆಗೆ ತಡೆಯುತ್ತವೆ. ಮತ್ತು ಇದು 45 ಸಾವಿರದ ಯಂತ್ರದಲ್ಲೂ ಸಿಗುತ್ತದೆ.

ನಮ್ಮೂರಿನ ಇನ್ನೊಂದು ತಾಪತ್ರಯ, ನೀರು ದಿನಾ ಒಂದೇ ಅಲ್ಲ. ಯರಗೋಳ್ ಅಣೆಕಟ್ಟಿನ ನೀರು ಬಂದ ದಿನ ಒಂದು ಥರ, ಬೋರ್ ದಿನ ಇನ್ನೊಂದು ಥರ, ಟ್ಯಾಂಕರ್ ಬಂದರೆ ಅದು ಯಾವ ಬೋರ್‌ನದೋ ದೇವರಿಗೇ ಗೊತ್ತು. ಇರುವುದರಲ್ಲಿ ಅತಿ ಗಡಸು ಯಾವುದೋ ಅದಕ್ಕೆ ಯಂತ್ರ ಹೊಂದಿಸಿ. ಉಪ್ಪು ಸ್ವಲ್ಪ ಜಾಸ್ತಿ ಖರ್ಚಾಗುತ್ತದೆ, ಆಗಲಿ. ಆರ್‌ಓದಿಂದ ಹೊರಗೆ ಹರಿಯುವ ನೀರು ವ್ಯರ್ಥ ಆಗುತ್ತಲ್ಲ ಅಂತ ಯಂತ್ರಕ್ಕೆ ಕೊಡುವ ಯೋಚನೆ ಬಂದರೆ ಬಿಟ್ಟುಬಿಡಿ. ಅದು ಇನ್ನೂ ಗಡಸು.

ಒತ್ತಡ, ಪ್ಲಗ್, ಮೋರಿ

ಬಹಳಷ್ಟು ಯಂತ್ರಗಳಿಗೆ ಕನಿಷ್ಠ 0.5 ಬಾರ್ ಒತ್ತಡ ಬೇಕು. ಕೆಲವಕ್ಕೆ 0.3 ಸಾಕು. ಹತ್ತು ಮೀಟರ್ ಎತ್ತರದ ನೀರು ಒಂದು ಬಾರ್ ಕೊಡುತ್ತದೆ. ನಮ್ಮದು ಒಂದೇ ಅಂತಸ್ತಿನ ಮನೆ. ಟ್ಯಾಂಕ್ ತಳದಿಂದ ಅಡುಗೆಮನೆ ನಲ್ಲಿಗೆ ಹಗ್ಗ ಬಿಟ್ಟು ಅಳೆದರೆ ಮೂರೂವರೆ ಮೀಟರ್. ಅಂದರೆ 0.35 ಬಾರ್. ಒತ್ತಡ ಸಾಲದಿದ್ದರೆ ಯಂತ್ರ ಎರರ್ ತೋರಿಸಿ ನಿಂತುಬಿಡುತ್ತದೆ. ಸಣ್ಣ ಪ್ರೆಷರ್ ಪಂಪ್ ಹಾಕಿಸಲು ನಮಗೆ 9 ಸಾವಿರ ಬಿತ್ತು. ಅಂಗಡಿಯ ಬೆಲೆಪಟ್ಟಿಯಲ್ಲಿ ಈ ಖರ್ಚು ಇರುವುದಿಲ್ಲ.

ಪ್ಲಗ್ 16 ಆಂಪಿಯರ್‌ನದು, ಅರ್ಥಿಂಗ್ ಸರಿಯಾಗಿರಬೇಕು. ಎಕ್ಸ್‌ಟೆನ್ಷನ್ ಬೋರ್ಡ್ ಬೇಡ. ಹೀಟರ್ ಸುಮಾರು 2 ಸಾವಿರ ವಾಟ್ ಎಳೆಯುವುದರಿಂದ ಮನೆಯ ಸಾಮಾನ್ಯ ಯುಪಿಎಸ್‌ಗೂ ಹಾಕಬೇಡಿ. ಸಿಂಕ್ ನೀರನ್ನು ಹಿತ್ತಲ ಕರಿಬೇವಿಗೋ ಬಾಳೆಗೋ ಬಿಡುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಈ ಯಂತ್ರದ ನೀರಿನಲ್ಲಿ ಕ್ಷಾರವೂ ಉಪ್ಪೂ ಇರುತ್ತದೆ. ಗಿಡಕ್ಕೆ ಬಿಡಬೇಡಿ, ಮೋರಿಗೆ ಬಿಡಿ.

ರಿಪೇರಿಗೆ ಯಾರು ಬರುತ್ತಾರೆ?

ಕೊಳ್ಳುವ ಮುಂಚೆಯೇ ಕಂಪನಿಯ ಗ್ರಾಹಕ ಸಂಖ್ಯೆಗೆ ಫೋನ್ ಮಾಡಿ. ‘ಪಿನ್‌ಕೋಡ್ 563101ಕ್ಕೆ ನಿಮ್ಮ ಟೆಕ್ನಿಷಿಯನ್ ಎಲ್ಲಿಂದ ಬರುತ್ತಾನೆ, ಎಷ್ಟು ದಿನದಲ್ಲಿ?’ ಅಂತ ಕೇಳಿ. ನಮ್ಮ ಪಕ್ಕದ ಮನೆಯವರು ತುಂಬಾ ದುಬಾರಿಯ ಒಂದು ಯಂತ್ರ ತಂದಿದ್ದರು. ಯಾವ ಕಂಪನಿ ಅಂತ ಬೇಡ. ಡ್ರೈನ್ ಪಂಪ್ ಕೆಟ್ಟಾಗ ಬೆಂಗಳೂರಿನಿಂದ ಆಳು ಬರಲು 12 ದಿನ ಹಿಡಿಯಿತು. ಎಪ್ಪತ್ತು ಕಿಲೋಮೀಟರ್ ಹೆದ್ದಾರಿಗೆ 12 ದಿನ! ಅಷ್ಟು ದಿನ ಅವರ ಮನೆಯ ಪಾತ್ರೆ ಮತ್ತೆ ಹಿತ್ತಲ ಕಲ್ಲಿನ ಮೇಲೆ.

ಈಗ ದುಡ್ಡಿನ ಲೆಕ್ಕ

2025ರ ಸೆಪ್ಟೆಂಬರ್ 22ರಿಂದ ಡಿಶ್‌ವಾಷರ್ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಹಳೆಯ ಬೆಲೆ ನೋಡಿ ‘ಆಫರ್’ ಅಂತ ಮೋಸ ಹೋಗಬೇಡಿ.

ನಮ್ಮ ಮನೆಯಲ್ಲಿ ಯಂತ್ರ ಒಂದು ಸುತ್ತು ಓಡಿದರೆ ಬೀಳುವ ಖರ್ಚು ಹೀಗೆ. ಕರೆಂಟ್ ಸುಮಾರು ಒಂದು ಯೂನಿಟ್, 7 ರೂಪಾಯಿ ಅಂತಿಟ್ಟುಕೊಳ್ಳಿ. ಪುಡಿ 10ರಿಂದ 12. ಮಾತ್ರೆ ಹಾಕಿದರೆ ಇನ್ನೂ ಜಾಸ್ತಿ. ನಮ್ಮ ನೀರಿಗೆ ಉಪ್ಪು ತಿಂಗಳಿಗೆ ಒಂದು ಕಿಲೋ, ಸುತ್ತಿಗೆ 4 ರೂಪಾಯಿ. ಕೊನೆಯ ತೊಳೆತದಲ್ಲಿ ಪಾತ್ರೆ ಹೊಳೆಯಲು ಹಾಕುವ ದ್ರವಕ್ಕೆ 2. ಒಟ್ಟು 25 ರೂಪಾಯಿ, ದಿನಕ್ಕೆ ಒಂದು ಸುತ್ತಾದರೆ ತಿಂಗಳಿಗೆ 750. ಯಂತ್ರ ಹತ್ತು ವರ್ಷ ಬಾಳುತ್ತದೆ ಅಂದುಕೊಂಡರೆ 45 ಸಾವಿರದ್ದಕ್ಕೆ ತಿಂಗಳಿಗೆ 375 ಸೇರಿಸಿ. 92 ಸಾವಿರದ್ದಕ್ಕೆ 767. ನಮ್ಮ ಬೀದಿಯಲ್ಲಿ ಬರೀ ಪಾತ್ರೆಗೆ ಕೆಲಸದಾಕೆಗೆ 1500 ಕೊಡುತ್ತಾರೆ. ಅಂದರೆ ಸಾಧಾರಣ ಯಂತ್ರ ಅದಕ್ಕಿಂತ ಕಡಿಮೆ, ಪ್ರೀಮಿಯಂ ಯಂತ್ರ ಹೆಚ್ಚುಕಮ್ಮಿ ಅಷ್ಟೇ. ಕೆಲಸದಾಕೆ ಹಿಂಡಾಲಿಯಂ ಪಾತ್ರೆಯನ್ನೂ ತೊಳೆಯುತ್ತಾಳೆ, ಅಲ್ವಾ? ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಗೃಹಜ್ಯೋತಿ ಮರೆಯಬೇಡಿ. ದಿನಕ್ಕೆ ಒಂದು ಯೂನಿಟ್ ಅಂದರೆ ತಿಂಗಳಿಗೆ 30. ಈಗ 180 ಯೂನಿಟ್ ಉರಿಸುವ ಮನೆ 210ಕ್ಕೆ ಹೋಗುತ್ತದೆ. 200 ದಾಟಿದರೆ ಆ ತಿಂಗಳ ಇಡೀ ಬಿಲ್ ನಿಮ್ಮದೇ. ಆಗ 7 ರೂಪಾಯಿಯ ಸುತ್ತು ತಿಂಗಳಿಗೆ ಸಾವಿರಕ್ಕೂ ಜಾಸ್ತಿ ಎಳೆಯುತ್ತದೆ.

ನೀರಿನ ಮಾತು. ದೊಡ್ಡ ಯಂತ್ರ ಒಂದು ಸುತ್ತಿಗೆ ಸುಮಾರು 10 ಲೀಟರ್ ಬಳಸುತ್ತದೆ. ನಾವು ಬಕೆಟ್ ಇಟ್ಟು ಅಳೆದಾಗ ಅಷ್ಟೇ ಪಾತ್ರೆಗೆ ಕೈಯಲ್ಲಿ 45 ಲೀಟರ್ ಹೋಗಿತ್ತು. ಟ್ಯಾಂಕರ್ ಕೊಳ್ಳುವ ಬೇಸಿಗೆಯಲ್ಲಿ ಇದು ಸಣ್ಣ ಉಳಿತಾಯವಲ್ಲ.

ಕೊನೆಗೆ ಪ್ರೀಮಿಯಂ

ಮೇಲಿನ ಎಲ್ಲವೂ ಸರಿಹೋದರೆ ಮಾತ್ರ ಈ ಪ್ರಶ್ನೆ. ಹೆಚ್ಚು ದುಡ್ಡಿಗೆ ಏನು ಸಿಗುತ್ತದೆ? ಮುಖ್ಯವಾಗಿ ಸದ್ದು ಕಡಿಮೆ, ಒಣಗುವುದು ಚೆನ್ನ, ಪಾತ್ರೆ ಜೋಡಿಸಲು ಮೂರನೇ ಟ್ರೇ, ವೈಫೈ.

ಅಡುಗೆಮನೆ ಹಾಲ್‌ಗೇ ತೆರೆದಿದ್ದು, ರಾತ್ರಿ ಅಲ್ಲೇ ಯಾರಾದರೂ ಮಲಗುತ್ತಾರೆ ಅಂದರೆ ಕಡಿಮೆ ಸದ್ದಿಗೆ ದುಡ್ಡು ಕೊಡಿ. ನಮ್ಮ ಮನೆಗೆ ಬೆಳಗ್ಗೆ ಐದಕ್ಕೆ ಗುಡಿಯ ಮೈಕ್ ಇದೆ, ಯಂತ್ರದ ಸದ್ದು ಲೆಕ್ಕಕ್ಕಿಲ್ಲ. ಒಣಗಿಸಲು ಕೆಲವು ಯಂತ್ರಗಳಲ್ಲಿ ಜಿಯೋಲೈಟ್ ಅನ್ನುವ ಖನಿಜ ಇರುತ್ತದೆ, ಕೆಲವು ಕೊನೆಯಲ್ಲಿ ತಾವೇ ಬಾಗಿಲು ತೆರೆಯುತ್ತವೆ. ಕರಾವಳಿಯಲ್ಲಾದರೆ ಹೌದು ಅನ್ನುತ್ತಿದ್ದೆ. ಕೋಲಾರದ ಒಣ ಗಾಳಿಯಲ್ಲಿ ನಾವೇ ಬಾಗಿಲು ನಾಲ್ಕು ಬೆರಳು ತೆರೆದಿಟ್ಟರೆ ಸ್ಟೀಲ್ ಅರ್ಧ ಗಂಟೆಯಲ್ಲಿ ಒಣಗುತ್ತದೆ. ಪ್ಲಾಸ್ಟಿಕ್ ಡಬ್ಬಿ ಮಾತ್ರ ಒದ್ದೆಯೇ ಇರುತ್ತದೆ.

ಮೂರನೇ ಟ್ರೇ ಚಮಚಕ್ಕೆ ಅನುಕೂಲ. ಆದರೆ ಅದು ಎತ್ತರ ತಿನ್ನುತ್ತದೆ. ‘14 ಪ್ಲೇಸ್ ಸೆಟ್ಟಿಂಗ್’, ಅಂದರೆ 14 ಜನರ ಊಟದ ಪಾತ್ರೆ ಅನ್ನುವುದು ಯುರೋಪಿನ ಚಪ್ಪಟೆ ತಟ್ಟೆಗಳ ಲೆಕ್ಕ, ನಮ್ಮ ತಪ್ಪಲೆಯದಲ್ಲ. ನಾಚಿಕೆ ಬಿಟ್ಟು ನಿಮ್ಮ ದೊಡ್ಡ ಪಾತ್ರೆಯನ್ನು ಚೀಲದಲ್ಲಿ ಅಂಗಡಿಗೆ ಒಯ್ಯಿರಿ. ಬೋರಲು ಇಟ್ಟು, ಮೇಲಿನ ಟ್ರೇ ತಳ್ಳಿ, ನೀರಿನ ತೋಳು ತಗಲದೆ ತಿರುಗುತ್ತದಾ ನೋಡಿ. ನಾನು ಬಸ್ಸಾರಿನ ತಪ್ಪಲೆ ಒಯ್ದಿದ್ದೆ. 92 ಸಾವಿರದ ಯಂತ್ರದಲ್ಲಿ ಅದು ಹಿಡಿಸಲಿಲ್ಲ. 47 ಸಾವಿರದ್ದರಲ್ಲಿ ಹಿಡಿಸಿತು, ಅದನ್ನೇ ತಂದೆವು. ಉಳಿದ ದುಡ್ಡಿನಲ್ಲಿ ಪಂಪ್ ಬಂತು, ಎರಡು ಸ್ಟೀಲ್ ಬಾಣಲೆ ಬಂತು.

ಯಂತ್ರ ಬಂದ ದಿನ ಜೋಡಿಸುವವನು ಗಡಸುತನ ಹೊಂದಿಸದೆ ಹೊರಟುಬಿಡಬಹುದು. ಬಾಗಿಲಲ್ಲೇ ನಿಲ್ಲಿಸಿ, ನಿಮ್ಮ ಸಂಖ್ಯೆ ಹೇಳಿ, ಎದುರಿಗೇ ಮಾಡಿಸಿ. ಉಪ್ಪು ತುಂಬುವಾಗ ಒಂದಷ್ಟು ಚೆಲ್ಲುತ್ತದೆ. ಹಾಗೇ ಬಿಟ್ಟರೆ ಸ್ಟೀಲ್ ತೊಟ್ಟಿಯೂ ತುಕ್ಕು ಹಿಡಿಯುತ್ತದೆ. ಅದಕ್ಕೇ ಉಪ್ಪು ತುಂಬಿದ ತಕ್ಷಣ ಒಂದು ಸುತ್ತು ಓಡಿಸಿ.